ಎಲ್ಲರ ಆಟವೋ, ಬಲ್ಲವರ ಆಟವೋ: ‘ಸ್ಮ್ಯಾಶ್ ಬ್ರದರ್ಸ್’ ಸುತ್ತಲಿನ ಒಂದು ಜಗಳದ ಇತಿಹಾಸ

ನಮ್ಮ ಮನೆಯ ಬೇಸ್‌ಮೆಂಟಿನ ಮೂಲೆಯಲ್ಲಿ ಒಂದು ಹಳೆಯ ಡಬ್ಬಿ ಟಿವಿ ಕೂತಿದೆ. ಇಬ್ಬರು ಸೇರಿ ಎತ್ತಬೇಕು, ಅಷ್ಟು ಭಾರ. 2008ರಲ್ಲಿ ಚಪ್ಪಟೆ ಟಿವಿ ತಂದಾಗ ಇದನ್ನು ಸಾಗಹಾಕಲು ಹೊರಟೆ. ಹೈಸ್ಕೂಲಿನಲ್ಲಿದ್ದ ಮಗ ಬಾಗಿಲಿಗೆ ಅಡ್ಡ ನಿಂತ. “ಅಪ್ಪಾ, ಹೊಸ ಟಿವಿಯಲ್ಲಿ ಮೆಲೀ ಆಡಕ್ಕಾಗಲ್ಲ. ಬಟನ್ ಒತ್ತಿದ್ದು ಲೇಟಾಗಿ ಕಾಣತ್ತೆ” ಎಂದ. ಎಷ್ಟು ಲೇಟು ಎಂದು ಕೇಳಿದರೆ ಸೆಕೆಂಡಿನಲ್ಲಿ ಇಪ್ಪತ್ತನೇ ಒಂದು ಭಾಗ ಎಂದ. ನಕ್ಕುಬಿಟ್ಟೆ. ಟಿವಿ ಮಾತ್ರ ಉಳಿಯಿತು.

ಅದೇ ಮಾರ್ಚ್ ತಿಂಗಳಲ್ಲಿ ಆ ಆಟದ ಮುಂದಿನ ಕಂತು ‘ಬ್ರಾಲ್’ ಮಾರುಕಟ್ಟೆಗೆ ಬಂತು. ಮಗಳಿಗೆ ಆಗ ಒಂಬತ್ತು ವರ್ಷ. ಹಳೆಯ ಆಟದಲ್ಲಿ ಅಣ್ಣನ ಎದುರು ಒಮ್ಮೆಯೂ ಗೆಲ್ಲದೆ, ಅವನ ಗೆಳೆಯರು ಬಂದರೆ ಮೆಟ್ಟಿಲ ಮೇಲೆ ಕೂತು ನೋಡುವುದಷ್ಟೇ ಅವಳ ಪಾಲಿಗಿತ್ತು. ಹೊಸ ಆಟ ಬಂದ ವಾರದಲ್ಲೇ ಅಣ್ಣನನ್ನು ಒಮ್ಮೆ ಸೋಲಿಸಿ ಮನೆ ತುಂಬ ಕುಣಿದಳು. ಮಗ ಕಂಟ್ರೋಲರ್ ಕೆಳಗಿಟ್ಟು, “ಇದು ಆಟವೇ ಅಲ್ಲ, ನಾನು ಎಡವಿ ಬಿದ್ದೆ” ಎಂದ. ಸೋತವರು ಹೇಳುವ ನೆಪ ಎಂದುಕೊಂಡು ಬೈದೆ. ಅವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತೆಂದು ಗೊತ್ತಾಗಲು ನನಗೆ ಬಹಳ ವರ್ಷ ಬೇಕಾಯಿತು. ಆ ಆಟದಲ್ಲಿ ಪಾತ್ರಗಳು ಓಡಲು ಹೊರಟಾಗ ಆಗೊಮ್ಮೆ ಈಗೊಮ್ಮೆ ತಾವಾಗಿ ಮುಗ್ಗರಿಸಿ ಬೀಳುತ್ತವೆ. ಆಡುವವನ ತಪ್ಪೇನೂ ಇರುವುದಿಲ್ಲ. ಹಾಗೆ ಬೀಳಲೆಂದೇ ಅದನ್ನು ರಚಿಸಿದ್ದರು.

ನಮ್ಮ ಮನೆಯ ಅಣ್ಣ-ತಂಗಿಯರ ಜಗಳವೆಂದು ನಾನು ತಿಳಿದದ್ದು ಅಮೆರಿಕ, ಜಪಾನ್, ಯುರೋಪುಗಳಲ್ಲೆಲ್ಲ ನಡೆಯುತ್ತಿದ್ದ ಜಗಳವೇ ಆಗಿತ್ತು. ಎಲ್ಲರೂ ಆಡಬಹುದಾದಷ್ಟು ಸುಲಭವಾಗಿ ಆಟವನ್ನು ಕಟ್ಟಿದರೆ ಅದರ ಆಳ ಹೋಗುತ್ತದೆಯೇ? ಆಳ ಉಳಿಸಿದರೆ ಹೊಸಬರು ಬಾಗಿಲಲ್ಲೇ ನಿಲ್ಲಬೇಕೇ? ಈ ಪ್ರಶ್ನೆಯ ಹಿಂದಿನ ಕಥೆಯನ್ನು ಈಚಿನ ವರ್ಷಗಳಲ್ಲಿ ಕುತೂಹಲಕ್ಕಾಗಿ ಹುಡುಕುತ್ತಾ ಹೋದೆ.

ಕಥೆಯ ಕೇಂದ್ರದಲ್ಲಿರುವವರು ಮಸಾಹಿರೊ ಸಕುರಾಯ್. ಜಪಾನಿನ ಹ್ಯಾಲ್ ಲ್ಯಾಬೊರೇಟರಿ ಎಂಬ ಸಂಸ್ಥೆಯಲ್ಲಿದ್ದಾಗ, ಇಪ್ಪತ್ತರ ಹೊಸ್ತಿಲಲ್ಲಿ, ‘ಕಿರ್ಬಿ’ ಎಂಬ ಗುಂಡನೆಯ ಗುಲಾಬಿ ಪಾತ್ರವನ್ನು ರೂಪಿಸಿದವರು. 1992ರಲ್ಲಿ ಬಂದ ಕಿರ್ಬಿಯ ಮೊದಲ ಆಟ, ವಿಡಿಯೊ ಗೇಮ್ ಮುಟ್ಟಿಯೇ ಇಲ್ಲದವರೂ ಕೊನೆಯವರೆಗೆ ಆಡಿ ಮುಗಿಸಲೆಂದು ಮಾಡಿದ್ದು. ಹಳ್ಳ ಬಂದರೆ ಕಿರ್ಬಿ ಗಾಳಿ ತುಂಬಿಕೊಂಡು ತೇಲಿ ದಾಟಿಬಿಡುತ್ತಾನೆ. ಆ ಕಾಲದಲ್ಲಿ ಆಟಗಳೆಂದರೆ ಹಳ್ಳಕ್ಕೆ ಬೀಳಿಸುವುದೇ ಕೆಲಸ.

ಸಕುರಾಯ್ ಹಲವೆಡೆ ಹೇಳಿಕೊಂಡಿರುವ ಒಂದು ಪ್ರಸಂಗವಿದೆ. ಒಂದು ಆರ್ಕೇಡಿನಲ್ಲಿ ಅವರು ‘ಕಿಂಗ್ ಆಫ್ ಫೈಟರ್ಸ್ 95’ ಎಂಬ ಹೊಡೆದಾಟದ ಆಟ ಆಡುತ್ತಾ ಎದುರಿನ ಯಂತ್ರದಲ್ಲಿದ್ದವರನ್ನು ಚೆನ್ನಾಗಿ ಬಡಿದು ಗೆದ್ದರು. ಎದ್ದು ನೋಡಿದರೆ ಅಲ್ಲಿದ್ದದ್ದು ಆಟವೇ ಗೊತ್ತಿಲ್ಲದ ಒಂದು ಜೋಡಿ. ಹೊಸಬರನ್ನು ಹೀಗೆ ಅಟ್ಟುವ ಆಟಗಳ ಬಗ್ಗೆ ಅವರು ಯೋಚಿಸತೊಡಗಿದರು. ಆಗಿನ ಹೊಡೆದಾಟದ ಆಟಗಳ ಸ್ವರೂಪವೇ ಹಾಗಿತ್ತು. 1991ರ ‘ಸ್ಟ್ರೀಟ್ ಫೈಟರ್ 2’ರಲ್ಲಿ ಬೆಂಕಿಯುಂಡೆ ಎಸೆಯಬೇಕೆಂದರೆ ಕೋಲನ್ನು ಕೆಳಗೆ, ಓರೆಗೆ, ಮುಂದಕ್ಕೆ ಒಂದೇ ಓಟದಲ್ಲಿ ತಿರುಗಿಸಿ, ಸರಿಯಾದ ಕ್ಷಣಕ್ಕೆ ಗುದ್ದಿನ ಗುಂಡಿ ಒತ್ತಬೇಕು. ಕೈಗೆ ರೂಢಿ ಆಗುವವರೆಗೆ ಎದುರಾಳಿ ಕಾಯುವುದಿಲ್ಲ.

ಇದಕ್ಕೆ ಉತ್ತರವಾಗಿ ಅವರು ಸಣ್ಣದೊಂದು ಮಾದರಿ ಕಟ್ಟಿದರು. ಅದರ ಪ್ರೋಗ್ರಾಮಿಂಗ್ ಮಾಡಿದವರು ಆಗ ಹ್ಯಾಲ್‌ನ ಅಧ್ಯಕ್ಷರಾಗಿದ್ದ, ಮುಂದೆ 2002ರಲ್ಲಿ ನಿಂಟೆಂಡೊ ಕಂಪನಿಯನ್ನೇ ಮುನ್ನಡೆಸಿದ ಸತೋರು ಇವಾತ. ಅಧ್ಯಕ್ಷರು ವಾರಾಂತ್ಯದಲ್ಲಿ ಕೂತು ಕೋಡ್ ಬರೆದದ್ದು! ನಮ್ಮಲ್ಲಿ ಅರ್ಧಕ್ಕರ್ಧ ಜನ ಸಾಫ್ಟ್‌ವೇರಿನವರು. ಇದನ್ನು ಓದಿ ತಮ್ಮ ಮ್ಯಾನೇಜರರನ್ನು ನೆನೆಸಿಕೊಳ್ಳಲಿ. ಆ ಮಾದರಿಗೆ ಮಾರಿಯೊ, ಪಿಕಾಚು ಮೊದಲಾದ ನಿಂಟೆಂಡೊ ಪಾತ್ರಗಳು ಸೇರಿ 1999ರ ಜನವರಿಯಲ್ಲಿ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಜಪಾನಿನಲ್ಲಿ ಹೊರಬಂತು.

ಅದರ ಕಟ್ಟುವಿಕೆ ಸರಳ. ಏಟು ಬಿದ್ದಷ್ಟೂ ಪಾತ್ರದ ಹೆಸರಿನ ಪಕ್ಕದ ಅಂಕಿ ಏರುತ್ತದೆ. ಅಂಕಿ ಏರಿದಷ್ಟೂ ಮುಂದಿನ ಏಟಿಗೆ ದೂರ ಹಾರಿ ಬೀಳುತ್ತದೆ. ವೇದಿಕೆಯಿಂದಾಚೆ ಹೋದರೆ ಒಂದು ಜೀವ ಕಳೆಯಿತು. ವಿಶೇಷ ಪಟ್ಟುಗಳಿಗೆ ಒಂದು ಗುಂಡಿ, ಒಂದು ದಿಕ್ಕು, ಅಷ್ಟೇ ಸಾಕು. ನಾಲ್ವರು ಒಟ್ಟಿಗೆ ಆಡಬಹುದು. ನಡುನಡುವೆ ಆಕಾಶದಿಂದ ಸುತ್ತಿಗೆ, ಬಾಂಬು ಯದ್ವಾತದ್ವಾ ಉದುರುತ್ತವೆ, ಯಾರ ಕೈಗೆ ಸಿಗುತ್ತದೋ ಅವರ ಅದೃಷ್ಟ. ನಮ್ಮ ಚೌಕಾಬಾರದಲ್ಲಿ ಕವಡೆ ಮಾಡುವ ಕೆಲಸವೇ ಇದು. ಅಜ್ಜಿಗೆ ಐವತ್ತು ವರ್ಷದ ಅನುಭವವಿದ್ದರೂ ಮೊಮ್ಮಗನ ಕವಡೆ ಸರಿಯಾಗಿ ಬಿದ್ದರೆ ಅವಳ ಕಾಯಿ ಹೊಡೆಸಿಕೊಳ್ಳಲೇಬೇಕು. ಅಳಗುಳಿ ಮಣೆಯಲ್ಲಿ ಆ ಕರುಣೆ ಇಲ್ಲ; ಲೆಕ್ಕ ಬಲ್ಲವರು ಕಾಳನ್ನೆಲ್ಲ ಬಳಿದುಕೊಂಡು ಹೋಗುತ್ತಾರೆ. ಬೇಸಿಗೆ ರಜೆಯಲ್ಲಿ ಚಿಕ್ಕಮಕ್ಕಳು ಯಾವುದನ್ನು ಕೇಳಿ ಆಡುತ್ತಿದ್ದರೆಂದು ನೆನಪಿದ್ದವರಿಗೆ ಸಕುರಾಯ್ ಏಕೆ ಹಾಗೆ ಮಾಡಿದರೆಂದು ವಿವರಿಸಬೇಕಿಲ್ಲ.

ಎರಡನೆಯ ಕಂತು ‘ಮೆಲೀ’ 2001ರ ಕೊನೆಯಲ್ಲಿ ಗೇಮ್‌ಕ್ಯೂಬ್ ಯಂತ್ರಕ್ಕೆ ಬಂತು. 13 ತಿಂಗಳಲ್ಲಿ ಮುಗಿಸಿದ ಕೆಲಸ. ಅದು ಮೊದಲನೆಯದಕ್ಕಿಂತ ಬಹಳ ಚುರುಕು, ಗುಂಡಿಗಳು ಬೆರಳಿಗೆ ತಕ್ಷಣ ಓಗೊಡುತ್ತಿದ್ದವು. ಜೊತೆಗೆ ಇನ್ನೊಂದು ಸಂಗತಿ ಬಯಲಾಯಿತು. ಜಿಗಿದ ಮರುಕ್ಷಣವೇ ನೆಲದ ಕಡೆಗೆ ಓರೆಯಾಗಿ ‘ತಪ್ಪಿಸಿಕೊಳ್ಳುವ’ ಗುಂಡಿ ಒತ್ತಿದರೆ ಪಾತ್ರವು ಎಣ್ಣೆ ಚೆಲ್ಲಿದ ನೆಲದ ಮೇಲಿನಂತೆ ನಿಂತ ಭಂಗಿಯಲ್ಲೇ ಜಾರುತ್ತದೆ. ಆಟಗಾರರು ಇದನ್ನು ‘ವೇವ್‌ಡ್ಯಾಶ್’ ಎಂದರು. ಆಟದ ಕೈಪಿಡಿಯಲ್ಲಿ ಇದರ ಸುಳಿವಿಲ್ಲ. ಹಾಗೆಯೇ ಗಾಳಿಯಲ್ಲಿ ಹೊಡೆದು ನೆಲಕ್ಕಿಳಿಯುವ ಮುನ್ನ, ಸುಮಾರು ಸೆಕೆಂಡಿನ ಎಂಟನೇ ಒಂದು ಭಾಗದೊಳಗೆ, ಇನ್ನೊಂದು ಗುಂಡಿ ತಟ್ಟಿದರೆ ಚೇತರಿಸಿಕೊಳ್ಳುವ ಹೊತ್ತು ಅರ್ಧಕ್ಕಿಳಿಯುತ್ತದೆ. ಪ್ರತಿ ಇಳಿತಕ್ಕೂ ಇದನ್ನು ತಪ್ಪದೆ ಮಾಡಬೇಕು. ಮಗ ಗಂಟೆಗಟ್ಟಲೆ ಒಬ್ಬನೇ ಕೂತು ಟಕ್ ಟಕ್ ಅನ್ನಿಸುತ್ತಿದ್ದದ್ದು ಇದನ್ನೇ. ಸಂಗೀತದ ಮೇಷ್ಟ್ರು ಸರಳೆ ವರಸೆ ಹೇಳಿಕೊಟ್ಟು ಹೋದಾಗ ಅವನು ಇಷ್ಟು ಶ್ರದ್ಧೆಯಿಂದ ಕೂತದ್ದನ್ನು ನಾನು ಕಂಡಿಲ್ಲ.

ಬಲ್ಲವರು ಆಟವನ್ನು ತಮಗೆ ಬೇಕಾದಂತೆ ತಿದ್ದಿಕೊಂಡರು. ಆಕಾಶದಿಂದ ಬೀಳುವ ವಸ್ತುಗಳನ್ನು ನಿಲ್ಲಿಸಿದರು, ವಿಚಿತ್ರ ವೇದಿಕೆಗಳನ್ನು ಕೈಬಿಟ್ಟರು, ಒಬ್ಬರಿಗೆ ಒಬ್ಬರೇ ಎದುರು, ತಲಾ ನಾಲ್ಕು ಜೀವ. 2004ರಿಂದ 2006ರವರೆಗೆ ಮೇಜರ್ ಲೀಗ್ ಗೇಮಿಂಗ್ ಎಂಬ ವೃತ್ತಿಪರ ಸ್ಪರ್ಧಾಸರಣಿಯಲ್ಲಿ ಮೆಲೀ ಇತ್ತು. ಮಕ್ಕಳ ಪಾರ್ಟಿಗೆಂದು ಮಾಡಿದ ಆಟ ಮಲ್ಲಕಂಬವಾಗಿಬಿಟ್ಟಿತ್ತು.

ಸಕುರಾಯ್‌ಗೆ ಇದರಿಂದ ಪೂರ್ತಿ ಸಂತೋಷವಾಗಲಿಲ್ಲ. ಮೆಲೀ ಈ ಸರಣಿಯಲ್ಲೇ ಅತಿ ಚೂಪಾದ ಆಟವೆಂದು ಒಪ್ಪಿಕೊಂಡೇ, ಅದನ್ನು ಆಟ ಬಲ್ಲವರಿಗಾಗಿಯೇ ಹೆಚ್ಚು ಒಲಿಸಿಬಿಟ್ಟೆನೇನೋ ಎಂಬ ಹಳಹಳಿಕೆಯನ್ನು ಅವರು ಜಪಾನಿನ ‘ಫಾಮಿತ್ಸು’ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದರು. ಹಾಗಾಗಿ ‘ಬ್ರಾಲ್’ ಬೇರೆ ಹಾದಿ ಹಿಡಿಯಿತು. ಅದು ಬಂದದ್ದು ವೀ ಯಂತ್ರಕ್ಕೆ, ಅಜ್ಜ-ಅಜ್ಜಿಯರೂ ಕೈ ಬೀಸಿ ಬೌಲಿಂಗ್ ಆಡಿದ ಯಂತ್ರಕ್ಕೆ. ವೇಗ ತಗ್ಗಿತು, ಪಾತ್ರಗಳು ಹಗುರಾಗಿ ತೇಲಿದವು, ವೇವ್‌ಡ್ಯಾಶ್ ಇಲ್ಲವಾಯಿತು. ಏಟು ತಿಂದವರು ಬೇಗ ಚೇತರಿಸಿಕೊಳ್ಳುತ್ತಿದ್ದರಿಂದ ಒಂದರ ಹಿಂದೊಂದು ಏಟು ಪೋಣಿಸುವ ಕಲೆಗೆ ಪೆಟ್ಟು ಬಿತ್ತು. ಮೇಲೆ ಆ ಮುಗ್ಗರಿಕೆ. ಹಳೆಯ ಆಟಗಾರರಿಗೆ ಇದು ಬರೀ ಬದಲಾವಣೆಯಾಗಿ ಕಾಣಲಿಲ್ಲ, ಮುಖಕ್ಕೆ ಹೊಡೆದಂತಾಯಿತು. ವರ್ಷಗಟ್ಟಲೆ ಬೆರಳು ಸವೆಸಿ ಕಲಿತದ್ದನ್ನು ನೀನು ಕಲಿಯಬಾರದಿತ್ತು ಎಂದು ಆಟವೇ ಹೇಳಿದರೆ ಹೇಗಿರಬೇಡ?

ಮಾರಾಟದ ಅಂಕಿಗಳನ್ನು ಎರಡೂ ಕಡೆಯವರು ಎಸೆದಾಡುತ್ತಾರೆ. ಮೆಲೀ 70 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಿತು, ಬ್ರಾಲ್ 1 ಕೋಟಿ 30 ಲಕ್ಷಕ್ಕೂ ಹೆಚ್ಚು. ಸುಲಭವಾದದ್ದೇ ಗೆದ್ದಿತಲ್ಲ ಎನ್ನುವ ಮೊದಲು ಯಂತ್ರಗಳ ಲೆಕ್ಕವನ್ನೂ ನೋಡಬೇಕು. ಗೇಮ್‌ಕ್ಯೂಬ್ ಮಾರಿದ್ದು ಸುಮಾರು 2 ಕೋಟಿ 17 ಲಕ್ಷ. ವೀ 10 ಕೋಟಿಗೂ ಮೇಲೆ. ಅಂದರೆ ಗೇಮ್‌ಕ್ಯೂಬ್ ಇದ್ದ ಮೂರು ಮನೆಗೊಂದರಲ್ಲಿ ಮೆಲೀ ಇತ್ತು, ವೀ ಇದ್ದ ಏಳೆಂಟು ಮನೆಗೊಂದರಲ್ಲಿ ಬ್ರಾಲ್. ‘ಕಷ್ಟದ’ ಮೆಲೀ ತನ್ನ ಯಂತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಟ. ಕೊಂಡವರಲ್ಲಿ ಬಹುಪಾಲು ಜನ ವೇವ್‌ಡ್ಯಾಶ್ ಎಂಬ ಹೆಸರನ್ನೇ ಕೇಳಿರಲಾರರು. ಅವರು ಸುತ್ತಿಗೆ ಹಿಡಿದು ಓಡಿದರು, ನಕ್ಕರು, ಊಟಕ್ಕೆ ಕರೆದಾಗ ಎದ್ದುಹೋದರು. ಎರಡು ಆಟಗಳು ಒಂದೇ ಡಿಸ್ಕಿನಲ್ಲಿ ಒಂದರ ತಂಟೆಗೆ ಇನ್ನೊಂದು ಬಾರದೆ ಬದುಕಿದ್ದವು. ಹಾಗಾಗಿ ಸಕುರಾಯ್ ಅವರ ಕಾಳಜಿ ಸರಿ, ಮದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಬಾಗಿಲು ಅಗಲ ಮಾಡಲು ಮಹಡಿಯನ್ನು ಕೆಡವಬೇಕಿರಲಿಲ್ಲ.

ಮಗಳು ಇದನ್ನು ಒಪ್ಪುವುದಿಲ್ಲ. “ನಿಮ್ಮ ಎರಡು ಆಟಗಳು ಬೇರೆ ಬೇರೆ ಮನೆಯಲ್ಲಿದ್ದರೆ ಸರಿ ಅಪ್ಪಾ, ನಮ್ಮದು ಒಂದೇ ಬೇಸ್‌ಮೆಂಟ್” ಎಂದಳು ಈಚೆಗೆ. ಬಲ್ಲವನು ಪಕ್ಕದಲ್ಲಿ ಕೂತ ಮೇಲೆ ಬಲ್ಲವನ ಆಟವೇ ನಡೆಯುತ್ತದೆ, ಸುತ್ತಿಗೆ ಉದುರುವುದನ್ನು ಅವನೇ ನಿಲ್ಲಿಸಿರುತ್ತಾನೆ ಎಂಬುದು ಅವಳ ವಾದ. ನನ್ನ ಬಳಿ ಇದಕ್ಕೆ ಉತ್ತರವಿಲ್ಲ. ಬಾಗಿಲಿನ ಪ್ರಶ್ನೆ ಬರೀ ಗುಂಡಿಗಳದ್ದೂ ಅಲ್ಲ. 2020ರ ಬೇಸಿಗೆಯಲ್ಲಿ ಈ ಸ್ಪರ್ಧಾವಲಯದ ಹಲವರ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪಗಳು ಸಾಲಾಗಿ ಹೊರಬಂದವು. ಹದಿಹರೆಯದವರು ಹಿರಿಯರೊಂದಿಗೆ ದೂರದೂರಿನ ಹೋಟೆಲುಗಳಲ್ಲಿ ಉಳಿಯುವ ಲೋಕ ಅದು. ಮಕ್ಕಳನ್ನು ಕಳಿಸುವ ತಂದೆತಾಯಿಯರು ತಿಳಿದಿರಬೇಕು.

ಮೆಲೀಯವರು ಬ್ರಾಲ್ ಬಂದಮೇಲೆ ಚದುರಿಹೋಗುತ್ತಾರೆಂದು ಎಣಿಸಿದ್ದವರೇ ಹೆಚ್ಚು. ಅವರು ಹೋಗಲಿಲ್ಲ. ಒಂದು ಗುಂಪು ಬ್ರಾಲ್ ಅನ್ನೇ ಬಿಚ್ಚಿ, ಮೆಲೀಯ ನಡೆಗೆ ಹತ್ತಿರವಾಗುವಂತೆ ತಿದ್ದಿ, ‘ಪ್ರಾಜೆಕ್ಟ್ ಎಂ’ ಎಂದು ಪುಕ್ಕಟೆ ಹಂಚಿತು. 2015ರ ಡಿಸೆಂಬರಿನಲ್ಲಿ ಆ ಕೆಲಸವನ್ನು ಅವರೇ ನಿಲ್ಲಿಸಿದರು. ಇನ್ನೂ ದೊಡ್ಡ ತಿರುವು 2013ರದ್ದು. ಲಾಸ್ ವೇಗಸ್‌ನ ಈವೋ ಎಂಬ ಹೊಡೆದಾಟದ ಆಟಗಳ ಮೇಳ, ಆ ವರ್ಷದ ಕೊನೆಯ ಸ್ಥಾನವನ್ನು ಯಾವ ಆಟದ ಅಭಿಮಾನಿಗಳು ಸ್ತನ ಕ್ಯಾನ್ಸರ್ ಸಂಶೋಧನೆಗೆ ಹೆಚ್ಚು ಹಣ ಕೂಡಿಸುತ್ತಾರೋ ಅವರಿಗೆ ಕೊಡುತ್ತೇವೆಂದಿತು. ಎಲ್ಲರೂ ಸೇರಿ 2 ಲಕ್ಷ 25 ಸಾವಿರ ಡಾಲರಿಗೂ ಹೆಚ್ಚು ಕೂಡಿತು. ಅದರಲ್ಲಿ 94 ಸಾವಿರಕ್ಕೂ ಮೇಲ್ಪಟ್ಟು ಹನ್ನೆರಡು ವರ್ಷ ಹಳೆಯ ಮೆಲೀಯ ಹೆಸರಿನಲ್ಲಿ ಬಂದದ್ದು. ಮಗ ಆಗ ಕಾಲೇಜಿನಲ್ಲಿದ್ದ, ಬೇಸಿಗೆ ಕೆಲಸದ ಇಪ್ಪತ್ತು ಡಾಲರು ಅದರಲ್ಲಿ ಸೇರಿದೆ. ಮೇಳಕ್ಕೆ ಕೆಲವೇ ದಿನ ಇರುವಾಗ ನಿಂಟೆಂಡೊ ನೇರಪ್ರಸಾರಕ್ಕೆ ಅಡ್ಡಿ ಮಾಡಿತು. ಗಲಾಟೆಯೆದ್ದು ಅದೇ ದಿನ ಹಿಂದೆ ಸರಿಯಿತು. ಆ ವಾರಾಂತ್ಯ ಮ್ಯಾಂಗೊ ಎಂಬ ಅಡ್ಡಹೆಸರಿನ ಕ್ಯಾಲಿಫೋರ್ನಿಯಾದ ಆಟಗಾರ ಗೆದ್ದ. 2016ರ ಈವೋದಲ್ಲಿ ಮೆಲೀ ಆಡಿದವರು 2,300ಕ್ಕೂ ಹೆಚ್ಚು.

ಆಳ ಆಳ ಎನ್ನುತ್ತಾರಲ್ಲ, ಅದೇನೆಂದು ನನಗೆ ಮನದಟ್ಟಾದದ್ದು ಎರಡು ಪಾತ್ರಗಳ ಕಥೆಯಿಂದ. ಜಿಗ್ಲಿಪಫ್ ಎಂಬ ಹಾಡುವ ಬಲೂನಿನಂಥ ಪಾತ್ರವನ್ನು ಮೊದಲ ವರ್ಷಗಳ ಪಟ್ಟಿಗಳಲ್ಲಿ ಕೆಳಗೆ ತಳ್ಳಿದ್ದರು. ಹಂಗ್ರಿಬಾಕ್ಸ್ ಎಂಬ ಆಟಗಾರ ಅದನ್ನೇ ಹಿಡಿದು ಲೋಕದ ಮೊದಲ ಸ್ಥಾನಕ್ಕೇರಿದ. ಯೋಶಿ ಎಂಬ ಹಸಿರು ಡೈನೊಸಾರನ್ನಂತೂ ದೊಡ್ಡ ಸ್ಪರ್ಧೆ ಗೆಲ್ಲುವ ಪಾತ್ರವೆಂದು ಯಾರೂ ಎಣಿಸಿರಲಿಲ್ಲ. 2022ರ ಅಕ್ಟೋಬರಿನಲ್ಲಿ ನಮ್ಮ ಮಿಷಿಗನ್ನಿನ ‘ಬಿಗ್ ಹೌಸ್’ ಸ್ಪರ್ಧೆಯನ್ನು ಜಪಾನಿನ ಆಮ್ಸಾ ಎಂಬ ಆಟಗಾರ ಯೋಶಿಯಿಂದಲೇ ಗೆದ್ದ. ಆಟ ಬಂದು ಇಪ್ಪತ್ತೊಂದು ವರ್ಷವಾಗುತ್ತಿತ್ತು, ಅದು ಹೆಚ್ಚುಕಡಿಮೆ ಹಾಗೆಯೇ ಇತ್ತು. ಬದಲಾದದ್ದು ಆಡುವವರ ತಿಳಿವು.

ಅದಕ್ಕೆ ಎರಡು ವರ್ಷ ಹಿಂದೆ ಇದೇ ಬಿಗ್ ಹೌಸ್, ಕೋವಿಡ್ ಕಾಲದಲ್ಲಿ, ಅಂತರ್ಜಾಲದ ಮೂಲಕ ಸ್ಪರ್ಧೆ ನಡೆಸಲು ಹೊರಟಿತ್ತು. ‘ಸ್ಲಿಪ್ಪಿ’ ಎಂಬ ಅಭಿಮಾನಿಗಳ ತಂತ್ರಾಂಶ ಹಳೆಯ ಆಟವನ್ನು ದೂರದೂರದವರು ತಡವಿಲ್ಲದೆ ಆಡುವಂತೆ ಮಾಡಿತ್ತು. ನಿಂಟೆಂಡೊದ ಕಾನೂನು ನೋಟಿಸು ಬಂದು ಸ್ಪರ್ಧೆ ರದ್ದಾಯಿತು. ಎಲ್ಲರಿಗೂ ತಲುಪಬೇಕೆಂದು ಹುಟ್ಟಿದ ಆಟ ಎಲ್ಲರಿಗೂ ತಲುಪುವ ದಾರಿ ಕಂಡುಕೊಂಡಾಗ ಅಡ್ಡ ಬಂದದ್ದು ಕಷ್ಟದ ಗುಂಡಿಗಳಲ್ಲ.

ಸಕುರಾಯ್ ಕೂಡ ಬ್ರಾಲ್‌ನಲ್ಲೇ ನಿಲ್ಲಲಿಲ್ಲ. 2014ರ ಕಂತಿನಲ್ಲಿ ಮುಗ್ಗರಿಕೆಯನ್ನು ತೆಗೆದರು. 2018ರ ‘ಅಲ್ಟಿಮೇಟ್’ ವೇಗವನ್ನು ಮತ್ತೆ ಏರಿಸಿತು, 3 ಕೋಟಿ ಪ್ರತಿ ದಾಟಿತು, ಮರುವರ್ಷದ ಈವೋದಲ್ಲಿ ಎಲ್ಲ ಆಟಗಳಿಗಿಂತ ಹೆಚ್ಚು ಸ್ಪರ್ಧಿಗಳನ್ನು ಸೆಳೆಯಿತು. ಮಗಳು ಆಡುವುದು ಅದನ್ನೇ. ಅಣ್ಣನನ್ನು ಅದರಲ್ಲಿ ಸೋಲಿಸುತ್ತಾಳೆ, ಅವನಿಗೆ ಈಗ ಯಾವ ನೆಪವೂ ಇಲ್ಲ. ಬಲಗೈ ಮಣಿಕಟ್ಟು ನೋಯುತ್ತದೆ ಎನ್ನುತ್ತಾನೆ. ಮೆಲೀ ಆಡಿ ಕೈ ಕೆಡಿಸಿಕೊಂಡ ದೊಡ್ಡ ಆಟಗಾರರೂ ಹಲವರಿದ್ದಾರೆ, ನೆಪವೆಂದು ಈ ಸಲ ನಾನು ಬೈಯಲಿಲ್ಲ.

ಟಿವಿ ವಿಷಯ ಹೇಳಿ ಮುಗಿಸುತ್ತೇನೆ. ಕಳೆದ ವರ್ಷ ನಮ್ಮ ಬೀದಿಯ ಕಾಲೇಜು ಹುಡುಗನೊಬ್ಬ ಬಾಗಿಲು ತಟ್ಟಿ, ನಿಮ್ಮಲ್ಲಿ ಹಳೆಯ ಟಿವಿ ಇದೆಯಂತೆ, ಶನಿವಾರದ ಮೆಲೀ ಸ್ಪರ್ಧೆಗೆ ಬೇಕಿತ್ತು ಎಂದ. ಆಟಕ್ಕಿಂತ ಅವನು ಚಿಕ್ಕವನು. ಗೆಳೆಯನ ಜೊತೆ ಅದನ್ನು ಹೊತ್ತು, ಕಾರಿನ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟ್ ಕಟ್ಟಿದ. ಭಾನುವಾರ ರಾತ್ರಿ ವಾಪಸು ತಂದು ಅದೇ ಮೂಲೆಯಲ್ಲಿ ಇಳಿಸಿ ಹೋದರು.