ಕಣಕಿಯಿಂದ ತೌಡಿಗೆ

ಕುರುಗೋಡಿನ ಎರೆಹೊಲದಲ್ಲಿ ನಮ್ಮಜ್ಜನ ಎತ್ತುಗಳಿಗೆ ವರ್ಷವಿಡೀ ಜೋಳದ ಕಣಕಿಯೇ ಮೇವು. ಬಿತ್ತನೆ ಹತ್ತಿರವಾದಾಗ ಮಾತ್ರ ಬಳ್ಳಾರಿ ಮಿಲ್ಲಿನ ಹತ್ತಿಕಾಳು ನೆನೆಸಿ ರುಬ್ಬಿ, ಹುರುಳಿ ಬೇಯಿಸಿ ಇಡುತ್ತಿದ್ದ. ಅದೂ ಬೊಗಸೆಯಿಂದ ಶುರುಮಾಡಿ ದಿನದಿನಕ್ಕೆ ಏರಿಸುತ್ತ. ಒಮ್ಮೆಲೇ ಕಾಳು ಬಿದ್ದರೆ ದೊಡ್ಡಹೊಟ್ಟೆಯಲ್ಲಿ ಹುಳಿ ಏರಿ ಎತ್ತು ಮಲಗಿಬಿಡುತ್ತದೆ. ಹದವಾಗಿ ಬಿದ್ದರೆ, ಎಳೆಗರುವಿನಲ್ಲಂತೂ, ಆ ಹೊಟ್ಟೆಯ ಒಳಗೋಡೆಯೇ ಬಲಿಯುತ್ತದೆ. ಮಿಕ್ಕ ಶಕ್ತಿ ಕೊಬ್ಬಾಗಿ ಮೊದಲು ಮೂತ್ರಪಿಂಡದ ಸುತ್ತ, ಆಮೇಲೆ ಚರ್ಮದಡಿ, ಕಡೆಗೆ ಮಾಂಸದ ಎಳೆಗಳ ನಡುವೆ ಕೂರುತ್ತದೆ. ಅಮೆರಿಕದ ಮಾಂಸದ ಮಾರುಕಟ್ಟೆಯಲ್ಲಿ ಎಳೆಗಳ ನಡುವಿನ ಆ ಕೊಬ್ಬಿಗೇ ಬೆಲೆ. ಅಜ್ಜನಿಗೆ ಬೇಕಿದ್ದದ್ದು ಎತ್ತಿನ ಹೆಗಲು.

1953ರಲ್ಲಿ ತುಂಗಭದ್ರಾ ಕಾಲುವೆಗೆ ನೀರು ಬಂತು. ಬಳ್ಳಾರಿ ಮೈಸೂರು ರಾಜ್ಯ ಸೇರಿದ್ದೂ ಅದೇ ವರ್ಷ. ನಮ್ಮ ಪಕ್ಕದ ಸಿರುಗುಪ್ಪ ಭತ್ತದ ಸೀಮೆಯಾಯಿತು. ಕಣಕಿಯ ಬಣವೆ ಇದ್ದಲ್ಲಿ ನೆಲ್ಲುಹುಲ್ಲು ಬಂತು. ಸತ್ವ ಕಡಿಮೆ, ನನಗೆ ಇಂದಿಗೂ ಒಗ್ಗದ ಮೇವು. ಗಿರಣಿಯ ತೌಡು ಆ ಕೊರತೆ ತುಂಬುವಷ್ಟರಲ್ಲಿ ಟ್ರ್ಯಾಕ್ಟರ್ ಬಂದು, ಕೊಟ್ಟಿಗೆಯಲ್ಲಿ ಎಮ್ಮೆಗಳಷ್ಟೇ ಉಳಿದವು.