ಮೌಸ್‌ನಿಂದ ಕೀಲಿಮಣೆಯವರೆಗೆ: ತೆರೆಮರೆಯ ಹೆಸರುಗಳು



ಕಂಪ್ಯೂಟರ್ ಮೌಸ್ ಎಂದೊಡನೆ ಡಗ್ಲಾಸ್ ಎಂಗೆಲ್‌ಬಾರ್ಟ್ ಅವರ ಹೆಸರು ಬರುತ್ತದೆ. ಕಲ್ಪನೆ ಅವರದೇ. ಆದರೆ 1964ರಲ್ಲಿ ಮರದ ಪೆಟ್ಟಿಗೆ, ಎರಡು ಚಕ್ರ ಜೋಡಿಸಿ ಅದನ್ನು ತಯಾರಿಸಿದವರು ಬಿಲ್ ಇಂಗ್ಲಿಷ್. ಜರ್ಮನಿಯ ಟೆಲಿಫುಂಕನ್ ಕಂಪನಿಯ ರೈನರ್ ಮಲ್ಲೆಬ್ರೈನ್ ತಂಡವು 1968ರಲ್ಲಿಯೇ ಉರುಳುವ ಚೆಂಡಿನ ಮೌಸ್ ಹೊರತಂದಿತ್ತು. ಈ ಇಬ್ಬರನ್ನು ಬಲ್ಲವರು ಕಡಿಮೆ. ಕನ್ನಡವನ್ನು ಯಂತ್ರಕ್ಕೆ ಇಳಿಸಿದವರ ಕಥೆಯೂ ಹಾಗೆಯೇ ಇದೆ.

ಕೆ. ಅನಂತಸುಬ್ಬರಾವ್: ಕನ್ನಡ ಬೆರಳಚ್ಚು ಯಂತ್ರದ ಕೀಲಿಮಣೆ ರೂಪಿಸಿದವರು. ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಕೆಲವೇ ಕೀಲಿಗಳಲ್ಲಿ ಅಡಕಗೊಳಿಸುವುದು ಸುಲಭದ ಕೆಲಸವಾಗಿರಲಿಲ್ಲ. ಕಚೇರಿಗಳಲ್ಲಿ ಕನ್ನಡ ಕಾಗದಪತ್ರ ನಡೆಯಲು ಇದು ಅಡಿಪಾಯವಾಯಿತು.

ಕೆ.ಪಿ. ರಾವ್: ಮಂಗಳೂರು ಸಮೀಪದ ಕಿನ್ನಿಕಂಬಳದವರು, 1940ರಲ್ಲಿ ಜನನ. ಮುದ್ರಣ ತಂತ್ರಜ್ಞಾನದಲ್ಲಿ ದುಡಿದ ಅವರು ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಉಚ್ಚಾರಣೆಗೆ ತಕ್ಕಂತೆ ಕನ್ನಡ ಅಕ್ಷರ ಹೊಂದಿಸಿದರು. ವ್ಯಂಜನ ಒತ್ತಿದರೆ ಅಕಾರ ತಾನೇ ಬರುತ್ತದೆ. ಒತ್ತಕ್ಷರ ಬೇಕಾದಲ್ಲಿ ನಡುವೆ 'ಎಫ್' ಒತ್ತಬೇಕು. 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಐದೇ ಕೀಲಿ ಸಾಕು! ಅವರ 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಮುಂದೆ ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸಕ್ಕೂ 'ನುಡಿ' ತಂತ್ರಾಂಶಕ್ಕೂ ಇದೇ ಆಧಾರ. 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಸಂದಿತು.

ಆರ್.ಎಂ.ಕೆ. ಸಿನ್ಹಾ, ಮೋಹನ್ ತಾಂಬೆ: ಐಐಟಿ ಕಾನ್ಪುರದಲ್ಲಿ ಇವರು ಆರಂಭಿಸಿದ ಕೆಲಸ ಪುಣೆಯ ಸಿ-ಡ್ಯಾಕ್‌ನಲ್ಲಿ ಮುಂದುವರಿಯಿತು. ಅದರ ಫಲವಾದ ಇನ್‌ಸ್ಕ್ರಿಪ್ಟ್ ವಿನ್ಯಾಸ 1991ರಲ್ಲಿ ರಾಷ್ಟ್ರೀಯ ಮಾನಕದ ಭಾಗವಾಯಿತು.

ಶೇಷಾದ್ರಿವಾಸು ಚಂದ್ರಶೇಖರನ್: 1998ರಲ್ಲಿ 'ಬರಹ' ತಂತ್ರಾಂಶ ನೀಡಿ, ಹೊರನಾಡು ಕನ್ನಡಿಗರ ಮನೆಮನೆಗೆ ಕನ್ನಡ ಟೈಪಿಂಗ್ ತಲುಪಿಸಿದರು.

ನಮಗೇನು ಉಪಯೋಗ? ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಮಕ್ಕಳಲ್ಲಿ ಮರಾಠಿ ಶಾಲೆಯಲ್ಲಿ ಓದುವವರು ಬಹಳ. ಮನೆಯಲ್ಲಿ ಕನ್ನಡ ಮಾತು ಉಳಿದಿದೆ, ಬರವಣಿಗೆ ಜಾರುತ್ತಿದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಮರಾಠಿಯ 'ಕ' ಇರುವ ಕೀಲಿಯಲ್ಲಿಯೇ ಕನ್ನಡದ 'ಕ' ಇದೆ. ಹೀಗಾಗಿ ಮರಾಠಿ ಇನ್‌ಸ್ಕ್ರಿಪ್ಟ್ ಕಲಿತವರು ಬೆರಳ ಅಭ್ಯಾಸ ಬದಲಿಸದೆ ಕನ್ನಡ ಟೈಪ್ ಮಾಡಬಹುದು. ಲಿಪಿ ಓದಲು ಕಲಿತರೆ ಸಾಕು. ಇಂಗ್ಲಿಷ್ ಕೀಲಿಮಣೆ ರೂಢಿಯಾದವರಿಗೆ ಕೆ.ಪಿ. ರಾವ್ ವಿನ್ಯಾಸ ಸುಲಭ. ಎರಡಕ್ಕೂ ಹಣ ಕೊಡಬೇಕಿಲ್ಲ.

ಮುಂದಿನ ಬಾರಿ ಸಂಘಕ್ಕೆ ಪತ್ರವನ್ನೋ ಶುಭಾಶಯವನ್ನೋ ಕಳಿಸುವಾಗ ದಯವಿಟ್ಟು ಕನ್ನಡ ಲಿಪಿಯಲ್ಲಿಯೇ ಬರೆಯಿರಿ. ಈ ಮಹನೀಯರನ್ನು ನೆನೆಯಲು ಬೇರೆ ಸಮಾರಂಭ ಬೇಕಿಲ್ಲ.

– ಕಾರ್ಯದರ್ಶಿ