ತಂಡದ ಮಾತು ಕೇಳಿ ರೇಸ್‌ನಲ್ಲಿ ಜೊತೆಗಾರನಿಗೆ ದಾರಿ ಬಿಡುವುದು ಫಿಕ್ಸಿಂಗ್ ಆಗುತ್ತದೆಯೇ?

ಸಾರಾಂಶ

ಫಾರ್ಮುಲಾ 1 ಚಾಲಕನೊಬ್ಬ ತನ್ನದೇ ತಂಡದ ಇನ್ನೊಬ್ಬನಿಗೆ ದಾರಿ ಬಿಡುವ ವಿಡಿಯೋ, "ನೋಡಿ, ಎಲ್ಲಾ ಫಿಕ್ಸಿಂಗ್" ಎಂಬ ಸಾಲಿನೊಂದಿಗೆ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ನಾವು ಇದನ್ನು ಪರಿಶೀಲಿಸಿದೆವು. ಈ ಹೇಳಿಕೆ ಬಹುಪಾಲು ತಪ್ಪು.

ಒಂದೇ ತಂಡದವರಿಗೆ ಪೈಪೋಟಿ ಏಕೆ?

ಪ್ರತಿ ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ಮೊದಲ 10 ಸ್ಥಾನಕ್ಕೆ ಸಿಗುವ ಅಂಕ ಚಾಲಕನ ಲೆಕ್ಕಕ್ಕೂ ಸೇರುತ್ತದೆ, ತಂಡದ ಲೆಕ್ಕಕ್ಕೂ ಸೇರುತ್ತದೆ. ತಂಡದ ಸ್ಥಾನ ನೋಡಿಯೇ ವರ್ಷದ ಬಹುಮಾನದ ಹಣ ಹಂಚಿಕೆಯಾಗುತ್ತದೆ.

ಬೇರೆ ತಂಡದವನ ಎದುರು ಸೋತರೆ "ಅವನ ಕಾರು ಚೆನ್ನಾಗಿತ್ತು" ಎನ್ನಬಹುದು. ಜೊತೆಗಾರನದ್ದೂ ಅದೇ ಕಾರು, ಹಾಗಾಗಿ ಅಲ್ಲಿ ನೆಪ ನಡೆಯುವುದಿಲ್ಲ. ಅಣ್ಣ ತಮ್ಮ ಇಬ್ಬರೂ ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ತಂದಂತೆ ಇದು. ಯಾರ ಚೀಲಕ್ಕೆ ಹೆಚ್ಚು ಬೆಲೆ ಎಂಬ ಪೈಪೋಟಿ ಇದ್ದೇ ಇರುತ್ತದೆ, ಆದರೆ ದುಡ್ಡು ಹೋಗುವುದು ಒಂದೇ ಮನೆಗೆ.

ಆದೇಶ ಇಲ್ಲದಿದ್ದರೆ ಏನಾಗುತ್ತದೆ?

ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಸಹ-ಮಾಲೀಕರಾಗಿದ್ದ ಫೋರ್ಸ್ ಇಂಡಿಯಾ ತಂಡವೇ ಇದಕ್ಕೆ ಒಳ್ಳೆಯ ಉದಾಹರಣೆ. 2017ರಲ್ಲಿ ಅದರ ಚಾಲಕರು ಸೆರ್ಜಿಯೋ ಪೆರೆಜ್ ಮತ್ತು ಎಸ್ಟೆಬಾನ್ ಒಕಾನ್.

- ಜೂನ್, ಕೆನಡಾ: ಒಕಾನ್‌ಗೆ ದಾರಿ ಬಿಡಲು ಪೆರೆಜ್ ಒಪ್ಪಲಿಲ್ಲ. ಪೆರೆಜ್ 5ನೇ, ಒಕಾನ್ 6ನೇ ಸ್ಥಾನ ಪಡೆದರು.
- ಜೂನ್, ಅಜೆರ್ಬೈಜಾನ್: ಇಬ್ಬರ ಕಾರುಗಳು ಡಿಕ್ಕಿಯಾದವು. ಪೆರೆಜ್ ರೇಸ್ ಮುಗಿಸಲಿಲ್ಲ, ಒಕಾನ್ 6ನೇ ಸ್ಥಾನಕ್ಕೆ ತೃಪ್ತಿಪಟ್ಟರು.
- ಆಗಸ್ಟ್, ಬೆಲ್ಜಿಯಂ: ಒಂದೇ ರೇಸ್‌ನಲ್ಲಿ ಎರಡು ಬಾರಿ ಡಿಕ್ಕಿ. ಅದೂ ಗೋಡೆಯ ಪಕ್ಕದಲ್ಲಿ, ಭಾರೀ ವೇಗದಲ್ಲಿ.

ಬೆಲ್ಜಿಯಂ ನಂತರ, ಇನ್ನು ಮುಂದೆ ನೀವಿಬ್ಬರೂ ಪರಸ್ಪರ ಸ್ಪರ್ಧಿಸುವಂತಿಲ್ಲ ಎಂದು ತಂಡ ಆದೇಶಿಸಿತು. ಅಂಕ ಕಳೆದುಕೊಳ್ಳುವುದು ಒಂದು ಕಡೆಯಾದರೆ, ಜೀವಕ್ಕೇ ಅಪಾಯವಿತ್ತು. ಆ ವರ್ಷ ತಂಡಗಳ ಪಟ್ಟಿಯಲ್ಲಿ ಫೋರ್ಸ್ ಇಂಡಿಯಾ 4ನೇ ಸ್ಥಾನ ಗಳಿಸಿತು.

ನಿಯಮ ಏನು ಹೇಳುತ್ತದೆ?

ಗೊಂದಲಕ್ಕೆ ಕಾರಣ ಇಲ್ಲಿದೆ. 2002ರ ಆಸ್ಟ್ರಿಯಾ ರೇಸ್‌ನ ಕೊನೆಯಲ್ಲಿ ಫೆರಾರಿಯ ಬ್ಯಾರಿಕೆಲ್ಲೋ, ಗೆಲ್ಲುವ ಹಂತದಲ್ಲಿದ್ದರೂ ತಂಡದ ಮಾತಿನಂತೆ ಶುಮಾಕರ್‌ಗೆ ದಾರಿ ಬಿಟ್ಟರು. ಪ್ರೇಕ್ಷಕರು ಸಿಟ್ಟಾದರು. 2003ರಿಂದ ಇಂಥ ಆದೇಶಗಳನ್ನು ನಿಷೇಧಿಸಲಾಯಿತು. 2010ರಲ್ಲಿ ಜರ್ಮನಿಯ ರೇಸ್‌ನಲ್ಲಿ ಇದೇ ಕಾರಣಕ್ಕೆ ಫೆರಾರಿಗೆ 1 ಲಕ್ಷ ಡಾಲರ್ ದಂಡ ಬಿತ್ತು. ಆದರೆ ತಂಡಗಳು ಗುಟ್ಟಾಗಿ, ಸಂಕೇತದ ಮಾತಿನಲ್ಲಿ ಆದೇಶ ಕೊಟ್ಟರೆ ತಡೆಯುವುದು ಕಷ್ಟ. 2011ರಿಂದ ನಿಷೇಧ ತೆಗೆಯಲಾಯಿತು.

ಹಾಗಾದರೆ ಯಾವುದು ಮೋಸ?

2008ರ ಸಿಂಗಾಪುರ ರೇಸ್‌ನಲ್ಲಿ ರೆನೋ ತಂಡದ ಪಿಕೆ ಜೂನಿಯರ್ ಬೇಕೆಂದೇ ಕಾರನ್ನು ಗೋಡೆಗೆ ಗುದ್ದಿಸಿದರು. ಜೊತೆಗಾರ ಅಲೋನ್ಸೊಗೆ ಅನುಕೂಲವಾಗಲಿ ಎಂದು ತಂಡವೇ ಇದನ್ನು ಮಾಡಿಸಿತ್ತು. ಅಲೋನ್ಸೊ ಗೆದ್ದರು. ಮರುವರ್ಷ ಸಂಚು ಬಯಲಾಗಿ ತಂಡಕ್ಕೆ ಶಿಕ್ಷೆಯಾಯಿತು. ಇದು ಮೋಸ, ಯಾವ ಅನುಮಾನವೂ ಇಲ್ಲ.

ಕೊನೆಯ ಮಾತು

ಜೊತೆಗಾರನಿಗೆ ದಾರಿ ಬಿಡುವುದು ನೋಡುವವರಿಗೆ ಬೇಸರ ತರಬಹುದು. ಗೆಲ್ಲಬಹುದಾಗಿದ್ದ ಚಾಲಕನಿಗೆ ಅನ್ಯಾಯ ಅನಿಸಲೂಬಹುದು. ಆದರೆ ಇಂದಿನ ನಿಯಮದಲ್ಲಿ ಅದು ತಪ್ಪಲ್ಲ. ಅಂಥ ವಿಡಿಯೋ ಬಂದರೆ ಮೊದಲು ಎರಡು ಪ್ರಶ್ನೆ ಕೇಳಿ: ಇದು ಯಾವ ವರ್ಷದ್ದು? ಅಲ್ಲಿ ದಾರಿ ಬಿಟ್ಟದ್ದೋ, ಬೇಕೆಂದೇ ಗುದ್ದಿದ್ದೋ? ಉತ್ತರ ಗೊತ್ತಾದ ಮೇಲೆ ಫಾರ್ವರ್ಡ್ ಮಾಡಿ.